ಖೈಬರ್: ಒಂದು ಹಡಗಿನ ಕೊನೆಯ ಸಂದೇಶ

1971ರ ಡಿಸೆಂಬರ್ 4ರ ರಾತ್ರಿ. ಕರಾಚಿಯ ದಕ್ಷಿಣಕ್ಕೆ ಅರಬ್ಬಿ ಸಮುದ್ರದಲ್ಲಿ ಕಾವಲು ತಿರುಗುತ್ತಿದ್ದ ಪಾಕಿಸ್ತಾನದ ಡಿಸ್ಟ್ರಾಯರ್ ‘ಖೈಬರ್’ ತನ್ನ ನೌಕಾಪಡೆಯ ಕೇಂದ್ರ ಕಚೇರಿಗೆ ಒಂದು ಚಿಕ್ಕ ಸಂದೇಶ ಕಳಿಸಿತು. ಅದರಲ್ಲಿ ಇದ್ದದ್ದು ನಾಲ್ಕೇ ಸಂಗತಿ. ಶತ್ರು ವಿಮಾನ ದಾಳಿ ಮಾಡಿದೆ, ನಾವಿರುವ ಜಾಗ ಇದು, ಒಂದನೇ ಬಾಯ್ಲರಿಗೆ ಪೆಟ್ಟು ಬಿದ್ದಿದೆ, ಹಡಗು ನಿಂತುಬಿಟ್ಟಿದೆ. ಕೊನೆಯ ಎರಡು ಸಂಗತಿಗಳು ನಿಜ. ಮೊದಲ ಎರಡು ತಪ್ಪು. ದಾಳಿ ಮಾಡಿದ್ದು ವಿಮಾನವಲ್ಲ. ಹಡಗು ಇದ್ದದ್ದು ಆ ಜಾಗದಲ್ಲೂ ಅಲ್ಲ. ಸ್ವಲ್ಪ ಹೊತ್ತಿನಲ್ಲೇ ಎರಡನೇ ಪೆಟ್ಟು ಬಿತ್ತು, ಖೈಬರ್ ಮುಳುಗಿತು. ಅದರೊಂದಿಗೆ 222 ಜನ ನಾವಿಕರು ಸತ್ತರು.

ಆ ರಾತ್ರಿಯ ದಾಳಿಯ ನೆನಪಿಗೆ ಭಾರತ ಪ್ರತಿವರ್ಷ ಡಿಸೆಂಬರ್ 4ನ್ನು ನೌಕಾಪಡೆಯ ದಿನವೆಂದು ಆಚರಿಸುತ್ತದೆ. ‘ಆಪರೇಷನ್ ಟ್ರೈಡೆಂಟ್’ ಎಂಬ ಆ ಕಾರ್ಯಾಚರಣೆಯ ಕಥೆಯನ್ನು ನಾವು ಹೊಡೆದವರ ಕಡೆಯಿಂದ ಬಹಳ ಸಲ ಕೇಳಿದ್ದೇವೆ. ಮುಳುಗಿದ ಹಡಗಿನ ಕಡೆಯಿಂದ ಕೇಳಿದ್ದು ಕಡಿಮೆ. ಆದರೆ ಖೈಬರ್‌ನ ಜೀವನಚರಿತ್ರೆಯನ್ನು ಅದು ಹುಟ್ಟಿದ ಕಟ್ಟೆಯಿಂದಲೇ ಓದುತ್ತ ಬಂದರೆ ಆ ಸಂದೇಶದ ಒಂದು ತಪ್ಪು ಬೇರೆಯಾಗಿ ಕಾಣತೊಡಗುತ್ತದೆ. ಜಾಗ ತಪ್ಪಿದ್ದು ಸ್ಫೋಟದ ಗೊಂದಲದಿಂದ. ವಿಮಾನ ಅಂದುಕೊಂಡದ್ದು ಮಾತ್ರ ಬರಿಯ ಗಾಬರಿಯಿಂದಲ್ಲ. ಆ ಹಡಗನ್ನು ಕಟ್ಟಿದ್ದೇ ಆಕಾಶದಿಂದ ಬರುವ ಶತ್ರು ಎಂದರೆ ವಿಮಾನ ಎಂದು ನಂಬಿದ್ದ ಕಾಲದಲ್ಲಿ.

ಮೊದಲು ಆ ಹೆಸರಿನ ವಿಷಯ. ಡಿಸ್ಟ್ರಾಯರ್ ಅಂದರೆ ನಾಶಕ. ಯಾವುದರ ನಾಶಕ? 19ನೇ ಶತಮಾನದ ಕೊನೆಯ ದಶಕಗಳಲ್ಲಿ ಟಾರ್ಪಿಡೊ ಹೊತ್ತ ಸಣ್ಣ ವೇಗದ ದೋಣಿಗಳು ದೊಡ್ಡ ಯುದ್ಧನೌಕೆಗಳಿಗೆ ಯಮನಂತೆ ಕಾಣತೊಡಗಿದವು. ಕೋಟಿಗಟ್ಟಲೆ ಬೆಲೆಯ ಹಡಗನ್ನು ಕೆಲವೇ ಜನರಿರುವ ಒಂದು ಪುಟ್ಟ ದೋಣಿ ಕತ್ತಲಲ್ಲಿ ಬಂದು ಮುಳುಗಿಸಬಹುದು ಎಂಬ ಭಯ ನೌಕಾಪಡೆಗಳನ್ನು ಹಿಡಿಯಿತು. ಆ ದೋಣಿಗಳನ್ನು ಬೆನ್ನಟ್ಟಿ ಕೊಲ್ಲಲೆಂದೇ 1890ರ ದಶಕದಲ್ಲಿ ಬ್ರಿಟನ್ ಹೊಸ ಬಗೆಯ ಹಡಗನ್ನು ಕಟ್ಟಿತು. ಅದರ ಪೂರ್ಣ ಹೆಸರು ‘ಟಾರ್ಪಿಡೊ ಬೋಟ್ ಡಿಸ್ಟ್ರಾಯರ್’. ಬರಬರುತ್ತ ಮೊದಲ ಎರಡು ಪದಗಳು ಉದುರಿಹೋಗಿ ಡಿಸ್ಟ್ರಾಯರ್ ಅಷ್ಟೇ ಉಳಿಯಿತು. ಸಣ್ಣ ದೋಣಿಯಿಂದ ದೊಡ್ಡ ಹಡಗನ್ನು ಕಾಯುವುದು ಈ ಕುಲದ ಮೂಲ ಧರ್ಮ. ಖೈಬರ್‌ನ ಕಥೆ ಮುಗಿಯುವ ಹೊತ್ತಿಗೆ ಈ ಮಾತು ಮತ್ತೆ ಎದುರಾಗುತ್ತದೆ.

ಖೈಬರ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಗ್ಲಾಸ್ಗೋ ನಗರದ ಕ್ಲೈಡ್ ನದಿಯ ದಡದಲ್ಲಿರುವ ಗೋವನ್‌ನಲ್ಲಿ. ಫೇರ್‌ಫೀಲ್ಡ್ ಎಂಬ ಹೆಸರಾಂತ ಹಡಗು ಕಟ್ಟೆ ಅದನ್ನು ಎರಡನೇ ಮಹಾಯುದ್ಧದ ನಡುವೆ ಕಟ್ಟಲು ತೊಡಗಿ 1944ರ ಸೆಪ್ಟೆಂಬರ್ 16ರಂದು ನೀರಿಗಿಳಿಸಿತು. ಆಗ ಅದರ ಹೆಸರು ‘ಕ್ಯಾಡಿಜ್’. ಬ್ರಿಟನ್ ಹಿಂದೆ ಕಾದಿದ ಕದನಗಳ ಹೆಸರನ್ನು ಈ ವರ್ಗದ ಹಡಗುಗಳಿಗೆಲ್ಲ ಇಡಲಾಗಿತ್ತು. ಆದ್ದರಿಂದ ಇವನ್ನು ‘ಬ್ಯಾಟಲ್ ವರ್ಗ’ ಎನ್ನುತ್ತಾರೆ.

ಈ ವರ್ಗವನ್ನು ರೂಪಿಸಿದವರ ತಲೆಯಲ್ಲಿ ಒಂದು ಪಾಠ ಕೊರೆಯುತ್ತಿತ್ತು. 1940 ಮತ್ತು 41ರಲ್ಲಿ ನಾರ್ವೆಯ ಕರಾವಳಿಯಲ್ಲಿ, ಡನ್‌ಕರ್ಕಿನಲ್ಲಿ, ಕ್ರೀಟ್ ದ್ವೀಪದ ಸುತ್ತ ಬ್ರಿಟಿಷ್ ಡಿಸ್ಟ್ರಾಯರ್‌ಗಳು ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕಿ ಒಂದರ ಮೇಲೊಂದು ಮುಳುಗಿದ್ದವು. ಹಳೆಯ ಡಿಸ್ಟ್ರಾಯರ್‌ಗಳ ಮುಖ್ಯ ಫಿರಂಗಿಗಳನ್ನು ಎದುರಿನ ಹಡಗಿಗೆ ಗುರಿಯಿಡಲೆಂದು ಮಾಡಿದ್ದರಿಂದ ಅವುಗಳ ಕತ್ತು ಮೇಲಕ್ಕೆ ಸಾಕಷ್ಟು ಏಳುತ್ತಿರಲಿಲ್ಲ. ಬ್ಯಾಟಲ್ ವರ್ಗದಲ್ಲಿ ಇದನ್ನು ಸರಿಪಡಿಸಿದರು. ಮುಂಭಾಗದಲ್ಲಿ ಜೋಡಿ ಜೋಡಿಯಾಗಿ ನಾಲ್ಕು 4.5 ಇಂಚಿನ ಫಿರಂಗಿಗಳು. ಅವು ಬಹುತೇಕ ನೆತ್ತಿಯವರೆಗೂ ಬಾಯೆತ್ತಬಲ್ಲವು. ಜೊತೆಗೆ ಸುತ್ತಲೂ ವಿಮಾನ ಹೊಡೆಯುವ ಬೋಫೋರ್ಸ್ ತೋಪುಗಳು. ಸುಮಾರು 115 ಮೀಟರ್ ಉದ್ದ, ಪೂರ್ತಿ ಹೇರಿದಾಗ 3,000 ಟನ್ನಿಗೂ ಮೇಲಿನ ತೂಕ. ವಿಮಾನವನ್ನು ಎದುರಿಸುವುದರಲ್ಲಿ ಆ ಕಾಲಕ್ಕೆ ಬ್ರಿಟನ್ನಿನ ಅತ್ಯುತ್ತಮ ಡಿಸ್ಟ್ರಾಯರ್‌ಗಳು ಇವು. ಆದರೆ ಕ್ಯಾಡಿಜ್ ಸೇವೆಗೆ ಬಂದದ್ದು 1946ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು ಎಂಟು ತಿಂಗಳಾಗಿತ್ತು. ಯಾವ ಶತ್ರುವಿಗಾಗಿ ಅದನ್ನು ಕಟ್ಟಿದ್ದರೋ ಆ ಶತ್ರು ಶರಣಾಗಿದ್ದ.

ಯುದ್ಧಾನಂತರ ಬ್ರಿಟನ್ನಿನ ಕೈ ಬರಿದಾಗಿತ್ತು, ಹಡಗುಗಳು ಮಾತ್ರ ಬೇಕಾದ್ದಕ್ಕಿಂತ ಹೆಚ್ಚಿದ್ದವು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ನೌಕಾಪಡೆ ಬೇಕಿತ್ತು, ಹಡಗು ಕಟ್ಟುವ ಶಕ್ತಿ ಇರಲಿಲ್ಲ. ಭಾರತ, ಪಾಕಿಸ್ತಾನ ಎರಡೂ ಒಂದೇ ಅಂಗಡಿಯ ಗಿರಾಕಿಗಳಾದವು. ಅಧಿಕಾರಿಗಳು ಒಂದೇ ರಾಯಲ್ ಇಂಡಿಯನ್ ನೌಕಾಪಡೆಯಲ್ಲಿ ಬೆಳೆದವರು, ಕಲಿತ ಪಾಠ ಒಂದೇ, ಕೊಂಡ ಹಡಗುಗಳೂ ಒಂದೇ ದೇಶದವು. 1957ರಲ್ಲಿ ಕ್ಯಾಡಿಜ್ ಪಾಕಿಸ್ತಾನದ ಧ್ವಜ ಏರಿಸಿಕೊಂಡು ಖೈಬರ್ ಆಯಿತು. ಅದರ ಜೊತೆಗೇ ಬಂದ ಅದೇ ವರ್ಗದ ‘ಗ್ಯಾಬರ್ಡ್’ ಎಂಬ ಹಡಗು ‘ಬದರ್’ ಆಯಿತು. ಎರಡೂ ಇಸ್ಲಾಮಿನ ಆರಂಭಕಾಲದ ಕದನಗಳನ್ನು ನೆನಪಿಸುವ ಹೆಸರುಗಳು. ಹಡಗು ಕೈ ಬದಲಾಯಿಸಿದರೂ ಕದನದ ಹೆಸರಿಡುವ ರೂಢಿ ತಪ್ಪಲಿಲ್ಲ.

ಈ ಹೆಸರುಗಳ ಪಟ್ಟಿಯಲ್ಲಿ ಕನ್ನಡಿಗರು ತಟಕ್ಕನೆ ನಿಲ್ಲುವಂಥ ಒಂದು ಹೆಸರಿದೆ. ಪಾಕಿಸ್ತಾನ 1949ರಲ್ಲೇ ಪಡೆದ ಬ್ರಿಟಿಷ್ ಡಿಸ್ಟ್ರಾಯರ್ ‘ಆನ್ಸ್‌ಲೋ’ಗೆ ‘ಟಿಪ್ಪು ಸುಲ್ತಾನ್’ ಎಂದು ಹೆಸರಿಟ್ಟಿತು. 1942ರ ಕೊನೆಯ ದಿನ ಬ್ಯಾರೆಂಟ್ಸ್ ಸಮುದ್ರದ ಹಿಮಗಾಳಿಯಲ್ಲಿ ಜರ್ಮನ್ ದೊಡ್ಡ ಹಡಗುಗಳನ್ನು ತಡೆದು ಹೆಸರಾದ ಹಡಗು ಅದು. ಬ್ರಿಟಿಷರೊಂದಿಗೆ ಹೋರಾಡಿ ಶ್ರೀರಂಗಪಟ್ಟಣದಲ್ಲಿ ಮಡಿದ ದೊರೆಯ ಹೆಸರನ್ನು ಬ್ರಿಟಿಷರದೇ ಹಡಗಿಗೆ ಬರೆಯಲಾಯಿತು. ಇತಿಹಾಸ ಕೆಲವೊಮ್ಮೆ ಹೀಗೆ ಯಾರನ್ನೂ ಕೇಳದೆ ವ್ಯಂಗ್ಯವಾಡುತ್ತದೆ.

ಖೈಬರ್ ಮತ್ತು ಟಿಪ್ಪು ಸುಲ್ತಾನ್ ಎರಡೂ ಒಟ್ಟಿಗೆ ಯುದ್ಧಕ್ಕಿಳಿದದ್ದು 1965ರಲ್ಲಿ. ಸೆಪ್ಟೆಂಬರ್ 7ರ ನಡುರಾತ್ರಿ ಬಾಬರ್, ಖೈಬರ್, ಬದರ್, ಜಹಾಂಗೀರ್, ಆಲಂಗೀರ್, ಷಾಜಹಾನ್, ಟಿಪ್ಪು ಸುಲ್ತಾನ್ ಎಂಬ ಏಳು ಹಡಗುಗಳು ಗುಜರಾತಿನ ದ್ವಾರಕೆಯ ಎದುರು ಸಾಲುಗಟ್ಟಿ ಒಂದೊಂದೂ ಸುಮಾರು 50 ಗುಂಡು ಹಾರಿಸಿ, ಕೆಲವೇ ನಿಮಿಷಗಳಲ್ಲಿ ಹಿಂದೆ ತಿರುಗಿದವು. ದ್ವಾರಕೆಗೆ ಆದ ಹಾನಿ ದೊಡ್ಡದಲ್ಲ. ಬಹಳಷ್ಟು ಗುಂಡುಗಳು ಮೆತ್ತನೆಯ ನೆಲದಲ್ಲಿ ಹೂತುಹೋದವು. ಆದರೆ ಭಾರತದ ನೌಕಾಪಡೆಯ ಮಾನಕ್ಕೆ ಆದ ಗಾಯ ದೊಡ್ಡದು. ಒಂದು ತೀರ್ಥಕ್ಷೇತ್ರದ ಬಾಗಿಲಿಗೆ ಬಂದು ಗುಂಡು ಹಾರಿಸಿ ಹೋದವರನ್ನು ತಡೆಯಲಾಗಲಿಲ್ಲವೆಂಬ ಮಾತು ಬಹುಕಾಲ ಚುಚ್ಚುತ್ತಿತ್ತು. ಮುಂದಿನ ಸಲ ಸುಮ್ಮನಿರಬಾರದೆಂಬ ಹಟ ಹುಟ್ಟಿದ್ದು ಅಲ್ಲಿಂದ. ಖೈಬರ್ ತನ್ನ ಅತ್ಯಂತ ಹೆಸರುವಾಸಿಯಾದ ರಾತ್ರಿಯಲ್ಲಿ ತನ್ನ ಕೊನೆಯ ರಾತ್ರಿಯ ಬೀಜವನ್ನೂ ಬಿತ್ತಿ ಬಂದಿತ್ತು.

ಈ ನಡುವೆ ಸಮುದ್ರಯುದ್ಧವೇ ಬದಲಾಗುತ್ತಿತ್ತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಪೋರ್ಟ್ ಸೈದ್ ಬಂದರಿನ ಹೊರಗೆ ಇಸ್ರೇಲಿನ ಡಿಸ್ಟ್ರಾಯರ್ ‘ಐಲಾತ್’ ತಿರುಗುತ್ತಿತ್ತು. ಅದೂ ಹಳೆಯ ಬ್ರಿಟಿಷ್ ಹಡಗೇ. ಕ್ಯಾಡಿಜ್‌ನಂತೆ 1944ರಲ್ಲಿ ನೀರಿಗಿಳಿದದ್ದು. ಬಂದರಿನೊಳಗಿದ್ದ ಈಜಿಪ್ಟಿನ ಪುಟ್ಟ ದೋಣಿಗಳು ಸೋವಿಯತ್ ಒಕ್ಕೂಟ ಕೊಟ್ಟಿದ್ದ ಸ್ಟಿಕ್ಸ್ ಕ್ಷಿಪಣಿಗಳನ್ನು ಹಾರಿಸಿ ಐಲಾತ್ ಹಡಗನ್ನು ಮುಳುಗಿಸಿದವು. 47 ಜನ ಸತ್ತರು. ದೋಣಿಯಿಂದ ಹಾರಿಸಿದ ಕ್ಷಿಪಣಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು. ಜಗತ್ತಿನ ನೌಕಾಪಡೆಗಳೆಲ್ಲ ಬೆಚ್ಚಿದವು. ಆದರೆ ಬೆಚ್ಚುವುದು ಬೇರೆ, ಹಡಗು ಬದಲಾಯಿಸುವುದು ಬೇರೆ. ಇಪ್ಪತ್ತು ವರ್ಷ ಹಳೆಯದಾದ ಡಿಸ್ಟ್ರಾಯರ್‌ಗಳನ್ನು ನಂಬಿಕೊಂಡಿದ್ದ ದೇಶಕ್ಕೆ ಪಾಠ ತಿಳಿದರೂ ಅದನ್ನು ಆಚರಣೆಗೆ ತರುವ ದಾರಿ ದೊಡ್ಡದಿತ್ತು.

ಭಾರತ ಆ ಪಾಠವನ್ನು ಇನ್ನೊಂದು ತುದಿಯಿಂದ ಹಿಡಿಯಿತು. ಸೋವಿಯತ್ ಒಕ್ಕೂಟದಿಂದ ಓಸಾ ಎಂಬ ಬಗೆಯ ಎಂಟು ಕ್ಷಿಪಣಿ ದೋಣಿಗಳನ್ನು ಕೊಂಡಿತು. 1971ರಲ್ಲಿ ಅವು ಹಡಗಿನ ಮೇಲೆ ಹೇರಿಕೊಂಡು ಬಂದವು. ಇಳಿಸುವಷ್ಟು ದೊಡ್ಡ ಕ್ರೇನು ಮುಂಬೈಯಲ್ಲಿ ಇರಲಿಲ್ಲವಾಗಿ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಬೇರೆ ಹಡಗುಗಳಿಗೆ ಕಟ್ಟಿ, ಪರ್ಯಾಯದ್ವೀಪವನ್ನು ಸುತ್ತಿ ಮುಂಬೈಗೆ ಎಳೆದು ತರಬೇಕಾಯಿತು. ಆ ತೊಂದರೆಯೇ ಉಪಾಯವನ್ನೂ ಕಲಿಸಿತು. ಈ ದೋಣಿಗಳು ಬಂದರಿನ ಆಸುಪಾಸು ಕಾಯಲೆಂದು ಮಾಡಿದವು. ದೂರ ಹೋಗಿ ಬರುವಷ್ಟು ಇಂಧನ ಅವುಗಳ ಹೊಟ್ಟೆಯಲ್ಲಿ ಹಿಡಿಯದು. ಕಲ್ಕತ್ತೆಯಿಂದ ಮುಂಬೈಗೆ ಎಳೆದು ತರಬಹುದಾದರೆ ಕರಾಚಿಯ ಹತ್ತಿರಕ್ಕೂ ಎಳೆದೊಯ್ಯಬಹುದಲ್ಲ? ಆಗಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಈ ಯೋಜನೆಗೆ ಬೆಂಬಲವಾಗಿ ನಿಂತರು. ಕರಾಚಿ ಅವರಿಗೆ ನಕ್ಷೆಯ ಮೇಲಿನ ಚುಕ್ಕಿಯಾಗಿರಲಿಲ್ಲ. ಆ ಬಂದರಿನ ಬಾಯಲ್ಲಿರುವ ಮನೋರಾದಲ್ಲಿ ಬೆಳೆದವರು ಅವರು. ನೌಕಾಪಡೆ ಸೇರುವ ಮೊದಲು ಕರಾಚಿ ಬಂದರಿನಲ್ಲೇ ಕೆಲಸ ಮಾಡಿದ್ದವರು. ತಾನು ಬೆಳೆದ ಊರಿನ ಮೇಲೆ ದಾಳಿಗೆ ಅಪ್ಪಣೆ ಕೊಡಬೇಕಾದ ಸ್ಥಿತಿ ದೇಶವಿಭಜನೆಯ ಮಕ್ಕಳಿಗಷ್ಟೇ ಬರಲು ಸಾಧ್ಯ.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಭಾರತದ ವಾಯುನೆಲೆಗಳ ಮೇಲೆ ಬಾಂಬು ಹಾಕಿ ಯುದ್ಧ ಶುರುವಾಯಿತು. ಮರುದಿನ ನಿರ್ಘಾತ್, ನಿಪಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯತ್ತ ಹೊರಟವು. ಬೆಂಗಾವಲಿಗೆ ಕಿಲ್ತಾನ್ ಮತ್ತು ಕಚ್ಚಾಲ್ ಎಂಬ ಎರಡು ಹಡಗುಗಳು. ದೋಣಿಗಳ ತಂಡದ ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್. ಹಗಲೆಲ್ಲ ಪಾಕಿಸ್ತಾನದ ವಿಮಾನಗಳ ಅಳವಿನಿಂದ ಹೊರಗಿದ್ದು, ಕತ್ತಲಾದ ಮೇಲೆ ನುಗ್ಗಿ, ಬೆಳಗಾಗುವುದರೊಳಗೆ ಹಿಂದಿರುಗುವುದು ಯೋಜನೆ.

ಒಂದು ಕಡೆ 3,000 ಟನ್ನಿಗೂ ಮೇಲಿನ ಖೈಬರ್, ಇನ್ನೊಂದು ಕಡೆ ಸುಮಾರು 200 ಟನ್ನಿನ, 40 ಮೀಟರ್ ಉದ್ದವೂ ಇಲ್ಲದ ನಿರ್ಘಾತ್. ನಿರ್ಘಾತ ಎಂದರೆ ಸಿಡಿಲಿನ ಅಪ್ಪಳಿಕೆ. ಖೈಬರ್‌ನ ಫಿರಂಗಿಯ ಗುಂಡು ಹೋಗಿ ಬೀಳುವುದು ಇಪ್ಪತ್ತು ಕಿಲೋಮೀಟರಿನ ಒಳಗೆ. ನಿರ್ಘಾತ್ ಹೊತ್ತಿದ್ದ ನಾಲ್ಕು ಸ್ಟಿಕ್ಸ್ ಕ್ಷಿಪಣಿಗಳ ಓಟ ಸುಮಾರು ನಲವತ್ತು ಕಿಲೋಮೀಟರ್. ಒಬ್ಬರ ಕೈ ಇನ್ನೊಬ್ಬರಿಗೆ ಎಟಕುತ್ತಿರಲಿಲ್ಲ.

ಸ್ಟಿಕ್ಸ್ ಹೇಗಿರುತ್ತದೆಂದು ಕಲ್ಪಿಸಿಕೊಂಡರೆ ಖೈಬರ್‌ನವರ ಕಣ್ಣಿಗೆ ಏನು ಕಂಡಿರಬಹುದೆಂದು ತಿಳಿಯುತ್ತದೆ. ಅದು ಸುಮಾರು ಆರು ಮೀಟರ್ ಉದ್ದದ, ಎರಡು ಟನ್ನಿಗೂ ಹೆಚ್ಚು ತೂಗುವ ವಸ್ತು. ಪಕ್ಕಕ್ಕೆ ರೆಕ್ಕೆಗಳಿವೆ, ಹಿಂದೆ ಬಾಲವಿದೆ, ಬಾಲದಲ್ಲಿ ಬೆಂಕಿಯಿದೆ. ನೀರಿನ ಮೇಲೆ ತಗ್ಗಾಗಿ, ಶಬ್ದದ ವೇಗಕ್ಕೆ ತುಸು ಕಡಿಮೆ ವೇಗದಲ್ಲಿ ಹಾರುತ್ತದೆ. ಕೊನೆಯ ಹಂತದಲ್ಲಿ ತನ್ನದೇ ರೇಡಾರಿನಿಂದ ಗುರಿಯನ್ನು ಹುಡುಕಿಕೊಳ್ಳುತ್ತದೆ. ಮೂಗಿನ ಹಿಂದೆ ಸುಮಾರು ಅರ್ಧ ಟನ್ ಸ್ಫೋಟಕ ತುಂಬಿದ ಸಿಡಿತಲೆ. ಒಟ್ಟಿನಲ್ಲಿ ಅದು ಪೈಲಟ್ ಇಲ್ಲದ ಒಂದು ಪುಟ್ಟ ವಿಮಾನದಂತೆ. ಕತ್ತಲಲ್ಲಿ ಬರುತ್ತಿದ್ದ ಆ ಬೆಳಕನ್ನು ಖೈಬರ್ ವಿಮಾನವೆಂದು ತಿಳಿದು ತನ್ನ ವಿಮಾನ ನಿರೋಧಕ ತೋಪುಗಳಿಂದ ಗುಂಡಿನ ಮಳೆ ಸುರಿಸಿತು. ನಾರ್ವೆ ಮತ್ತು ಕ್ರೀಟ್‌ನ ಪಾಠ ಕಲಿತು ಕಟ್ಟಿದ ಹಡಗು ಆ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿತ್ತು. ಹಗಲಲ್ಲಿ ಬಾಂಬು ಹಿಡಿದು ಧುಮುಕುವ ಪೈಲಟ್‌ಗೆ ಗುಂಡಿನ ಗೋಡೆ ಕಂಡರೆ ಹೆದರಿಕೆಯಾಗುತ್ತದೆ, ಆತ ಪಕ್ಕಕ್ಕೆ ಹೊರಳುತ್ತಾನೆ. ಕ್ಷಿಪಣಿಗೆ ಹೆದರಿಕೆಯಿಲ್ಲ.

ಪಾಕಿಸ್ತಾನದ ಗಡಿಯಾರದಲ್ಲಿ ರಾತ್ರಿ 10.45ಕ್ಕೆ ಮೊದಲ ಕ್ಷಿಪಣಿ ಹಡಗಿನ ಬಲಮಗ್ಗುಲಿಗೆ ಬಡಿದು, ಅಡುಗೆಮನೆಯ ಕೆಳಗೆ, ಎಲೆಕ್ಟ್ರಿಷಿಯನ್‌ಗಳು ಉಂಡು ಮಲಗುವ ಕಡೆ ಸಿಡಿಯಿತು. ಒಂದನೇ ಬಾಯ್ಲರ್ ಕೋಣೆ ಸ್ಫೋಟಿಸಿತು. ಹಡಗು ಓಡುವುದು ನಿಂತಿತು, ಒಳಗೆಲ್ಲ ಹೊಗೆ ಕವಿಯಿತು. ಮೊದಲು ಹೇಳಿದ ಸಂದೇಶ ಹೊರಟದ್ದು ಆಗ. ಹಡಗು ಇನ್ನೂ ತೇಲುತ್ತಿರುವುದನ್ನು ಕಂಡ ನಿರ್ಘಾತ್ ಎರಡನೇ ಕ್ಷಿಪಣಿ ಹಾರಿಸಿತು. ಅದು ಎರಡನೇ ಬಾಯ್ಲರ್ ಕೋಣೆಗೆ ಬಡಿಯಿತು. ಇಪ್ಪತ್ತೇಳು ವರ್ಷ ನೀರಿನ ಮೇಲಿದ್ದ ಹಡಗಿಗೆ ನೀರಿನೊಳಕ್ಕೆ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಉಳಿದವರು ಕತ್ತಲ ನೀರಿನಲ್ಲಿದ್ದರು. ಅವರನ್ನು ಹುಡುಕಬೇಕಾದವರ ಕೈಯಲ್ಲಿದ್ದ ವಿಳಾಸ ತಪ್ಪಾಗಿತ್ತು. ಹಾಗಾಗಿ ನೆರವು ತಲುಪುವುದು ತಡವಾಯಿತು. ಅದೇ ರಾತ್ರಿ ವೀರ್ ಹೊಡೆದ ‘ಮುಹಾಫಿಜ್’ ಎಂಬ ಸಣ್ಣ ಹಡಗಿನದು ಇನ್ನೂ ಕ್ರೂರವಾದ ಕಥೆ. ಒಂದೇ ಕ್ಷಿಪಣಿಗೆ ಅದು ಚೂರಾಗಿ 33 ಜನ ಸತ್ತರು. ತಪ್ಪು ಸಂದೇಶವನ್ನಾದರೂ ಕಳಿಸಲು ಅದಕ್ಕೆ ಸಮಯ ಸಿಗಲಿಲ್ಲ. ನೀರಿನ ಮೇಲೆ ಉರಿಯುತ್ತಿದ್ದ ಅವಶೇಷಗಳತ್ತ ಹೋದ ದೋಣಿಗಳಿಗೆ ಮುಹಾಫಿಜ್‌ನಲ್ಲಿ ಬದುಕಿ ಉಳಿದವರು ಸಿಕ್ಕರು. ಆಗಲೇ ಆ ಹಡಗು ಇಲ್ಲವೆಂಬುದು ಕರಾಚಿಗೆ ತಿಳಿದದ್ದು. ದ್ವಾರಕೆಗೆ ಬಂದಿದ್ದ ಏಳರಲ್ಲಿ ಒಂದಾದ ಷಾಜಹಾನ್ ಕೂಡ ಆ ರಾತ್ರಿ ಪೆಟ್ಟು ತಿಂದು ಮತ್ತೆ ಯುದ್ಧಕ್ಕೆ ಬರದ ಸ್ಥಿತಿಗಿಳಿಯಿತು. ಭಾರತದ ಮೂರು ದೋಣಿಗಳೂ ಕ್ಷೇಮವಾಗಿ ಹಿಂದಿರುಗಿದವು.

ಕಣ್ಣಿಗೆ ಕಾಣದ ದೋಣಿಯ ಭಯ ಎಷ್ಟಿತ್ತೆಂದರೆ ಎರಡು ದಿನಗಳ ನಂತರ, ಡಿಸೆಂಬರ್ 6ರಂದು, ಪಾಕಿಸ್ತಾನದ ಯುದ್ಧವಿಮಾನಗಳು ತಮ್ಮದೇ ನೌಕೆ ‘ಜುಲ್ಫಿಕರ್’ ಅನ್ನು ಭಾರತದ ಕ್ಷಿಪಣಿ ದೋಣಿ ಎಂದು ತಪ್ಪಾಗಿ ತಿಳಿದು ಅದರ ಮೇಲೆ ದಾಳಿ ಮಾಡಿದವು. ಖೈಬರ್ ಕ್ಷಿಪಣಿಯನ್ನು ವಿಮಾನವೆಂದುಕೊಂಡಿತ್ತು. ಈಗ ವಿಮಾನದವರಿಗೆ ದೊಡ್ಡ ಹಡಗೇ ದೋಣಿಯಾಗಿ ಕಂಡಿತು. ಎಂಬತ್ತು ವರ್ಷಗಳ ಹಿಂದೆ ಡಿಸ್ಟ್ರಾಯರ್ ಎಂಬ ಕುಲ ಹುಟ್ಟಲು ಕಾರಣವಾದ ಭಯ ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬಂದಿತ್ತು.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಹೊಸ ಆಯುಧ ಹಳೆಯ ಹಡಗನ್ನು ಸೋಲಿಸಿದ ಕಥೆಯಾಗುತ್ತದೆ, ಗೆದ್ದವರ ಜಾಣತನದ ಕಥೆಯಾಗುತ್ತದೆ. ಐದು ದಿನಗಳ ನಂತರದ ಇನ್ನೊಂದು ರಾತ್ರಿ ಹಾಗಾಗಲು ಬಿಡುವುದಿಲ್ಲ. ಡಿಸೆಂಬರ್ 9ರಂದು ದಿಯು ಹತ್ತಿರ ಭಾರತದ ಫ್ರಿಗೇಟ್ ‘ಖುಕ್ರಿ’ಯನ್ನು ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿ ಟಾರ್ಪಿಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತನ್ನ ಹಡಗನ್ನು ಬಿಟ್ಟು ಹೋಗಲಿಲ್ಲ. ಖುಕ್ರಿ ಕೂಡ ಬ್ರಿಟನ್ನಿನಲ್ಲಿ ಕಟ್ಟಿದ ಹಡಗು. ಅದನ್ನು ಕಟ್ಟಿದ್ದೇ ಜಲಾಂತರ್ಗಾಮಿಗಳನ್ನು ಬೇಟೆಯಾಡಲು. ಆದರೆ ಅದರ ಸೋನಾರ್ ಹಳೆಯದು. ಹಂಗೋರ್ ಫ್ರಾನ್ಸಿನಲ್ಲಿ ಕಟ್ಟಿದ ಹೊಸದು, ಅದರ ಕಿವಿ ಹೆಚ್ಚು ಚುರುಕು. ವಿಮಾನ ಹೊಡೆಯಲು ಹುಟ್ಟಿದ ಖೈಬರ್ ಹಾರಿಬಂದದ್ದರಿಂದ ಸತ್ತಿತು. ಜಲಾಂತರ್ಗಾಮಿ ಹೊಡೆಯಲು ಹುಟ್ಟಿದ ಖುಕ್ರಿ ಜಲಾಂತರ್ಗಾಮಿಯಿಂದಲೇ ಸತ್ತಿತು. ಎರಡೂ ಕಡೆ ತಮ್ಮ ಹಡಗು ತಮ್ಮನ್ನು ಕಾಯುತ್ತದೆಂದು ನಂಬಿದವರು ಸತ್ತರು. ಖುಕ್ರಿಯಲ್ಲಿ ಬದುಕುಳಿದವರನ್ನು ಮರುದಿನ ನೀರಿನಿಂದ ಎತ್ತಿಕೊಂಡದ್ದು ಕಚ್ಚಾಲ್, ಕರಾಚಿಯ ದಾಳಿಗೆ ಬೆಂಗಾವಲಾಗಿ ಹೋಗಿದ್ದ ಹಡಗು.

ಕ್ಯಾಪ್ಟನ್ ಮುಲ್ಲಾರ ಹೆಸರು ನಮಗೆ ಗೊತ್ತು. ದಿಯುವಿನ ಕಡಲತಡಿಯಲ್ಲಿ ಖುಕ್ರಿಯ ಸ್ಮಾರಕವಿದೆ, ಹೋದವರು ನಿಂತು ನೋಡಿ ಬರುತ್ತಾರೆ. ಖೈಬರ್‌ನ 222 ಜನ ನಮ್ಮ ಪುಸ್ತಕಗಳಲ್ಲಿ ಒಂದು ಸಂಖ್ಯೆ, ಅದೂ ಯಶಸ್ಸಿನ ಲೆಕ್ಕದ ಒಂದು ಸಾಲು. ಯುದ್ಧ ಮಾಡಿದ ದೇಶಗಳು ಹೀಗೆ ಲೆಕ್ಕವಿಡುವುದು ಸಹಜ. ಆ ರಾತ್ರಿ ಮೂರು ಪುಟ್ಟ ದೋಣಿಗಳಲ್ಲಿ ಹೋದವರ ಧೈರ್ಯವೂ ಸುಳ್ಳಲ್ಲ. ಆದರೆ ಅರ್ಧ ಶತಮಾನ ಕಳೆದ ಮೇಲೆ ಇತಿಹಾಸ ಓದುವವರು ಎರಡೂ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ಓದಬಹುದು. ಅಡುಗೆಮನೆಯ ಕೆಳಗಿನ ಆ ಕೋಣೆಯಲ್ಲಿದ್ದ ಎಲೆಕ್ಟ್ರಿಷಿಯನ್‌ಗಳಿಗೆ ದ್ವಾರಕೆಯ ಸೇಡಿನ ಲೆಕ್ಕವನ್ನು ಯಾರೂ ವಿವರಿಸಿರಲಿಲ್ಲ.

ಖೈಬರ್ ಎಂಬ ಹೆಸರು ಮತ್ತೆ ಕಡಲಿಗೆ ಬಂತು. 1994ರಲ್ಲಿ ಪಾಕಿಸ್ತಾನ ಬ್ರಿಟನ್ನಿನಿಂದ ಪಡೆದ ‘ಆ್ಯರೋ’ ಎಂಬ ಫ್ರಿಗೇಟಿಗೆ ಖೈಬರ್ ಎಂದೇ ಹೆಸರಿಟ್ಟಿತು. ಆ್ಯರೋಗೂ ಒಂದು ಹಿಂದಿನ ನೆನಪಿತ್ತು. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿ ಬಡಿದು ಬ್ರಿಟನ್ನಿನ ಆಧುನಿಕ ಡಿಸ್ಟ್ರಾಯರ್ ‘ಶೆಫೀಲ್ಡ್’ ಹೊತ್ತಿಕೊಂಡಿತು, 20 ಜನ ಸತ್ತರು. ಆಗ ಪಕ್ಕಕ್ಕೆ ಬಂದು ನಿಂತು ನೀರು ಹಾಯಿಸಿ, ಬದುಕಿದವರನ್ನು ತನ್ನೊಳಗೆ ತುಂಬಿಸಿಕೊಂಡ ಹಡಗು ಆ್ಯರೋ. ಬ್ರಿಟನ್ನಿನ ಹೊಸ ಡಿಸ್ಟ್ರಾಯರಿಗೂ ಕ್ಷಿಪಣಿಯ ಪಾಠ ಪೂರ್ತಿ ಬಂದಿರಲಿಲ್ಲ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಯುದ್ಧನೌಕಾ ಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಅದೇ ಓಸಾ ಕುಲದ, ನಿರ್ಘಾತ್‌ನ ನಂತರದ ಪೀಳಿಗೆಯ ದೋಣಿ. ಅದರ ಎದುರು ನಿಂತವರಿಗೆ ಮೊದಲು ಅನ್ನಿಸುವುದು ಇದು ಎಷ್ಟು ಚಿಕ್ಕದು ಎಂದು. ಆ ಚಿಕ್ಕತನದಲ್ಲೇ ಈ ಇತಿಹಾಸವೆಲ್ಲ ಇದೆ. ಅಲ್ಲಿಂದ ಪಶ್ಚಿಮಕ್ಕೆ ಹರಡಿರುವ ಅದೇ ಅರಬ್ಬಿ ಸಮುದ್ರದ ತಳದಲ್ಲಿ, ದಿಯು ಕಡೆ ಖುಕ್ರಿ, ಕರಾಚಿಯ ಕಡೆ ಖೈಬರ್ ಮಲಗಿವೆ. ಎರಡರ ಒಳಗೂ ಅವುಗಳ ಜನರಿದ್ದಾರೆ.